ಅಕ್ಕೋರ ಎರಡು ಕಾಯಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಶಿಶುವಿಹಾರದ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

 

ಕಾಯಕದ ಬಗ್ಗೆ ಈ ಗೋಷ್ಠಿಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ಮಾತನಾಡಿದ್ದಾರೆ. ನಾನು ವಿದ್ವಾಂಸಳಲ್ಲ. ಬೆಳಿಗ್ಗೆ ಶಿಶುವಿಹಾರದಲ್ಲಿ ಮಕ್ಕಳಿಗೆ ಅಕ್ಕೋರು, ಉಳಿದ ಹೊತ್ತಿನಲ್ಲಿ ಮನೆಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುವವಳು. ಇಲ್ಲಿ ಕುಳಿತಿರುವ ತಾಯಂದಿರಲ್ಲಿ ನನ್ನಂಥವರು ಬಹಳ ಜನ ಇದ್ದೀರಿ. ಕೆಲವರು ಕಡಕ್ ರೊಟ್ಟಿ ಮಾರುತ್ತೀರಿ, ಕೆಲವರು ಇಳಕಲ್ ಸೀರೆ ತಂದು ಮಾರುತ್ತೀರಿ, ಕೆಲವರು ಯಾವುದೋ ಕಂಪನಿಯ ಸಾಮಾನಿನ ಪಟ್ಟಿ ಹಿಡಿದು ಓಡಾಡುತ್ತೀರಿ. ನಮ್ಮನ್ನೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಎರಡು ಕೆಲಸ ಹಿಡಿದವರಿಂದ ಯಾವುದಾದರೂ ಒಂದು ಸತ್ಯಶುದ್ಧವಾಗಿ ನಡೆದೀತೇ? ಇವತ್ತು ನಾನು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು, ಅಕ್ಕೋರು ಎರಡನೆಯ ಕೆಲಸಕ್ಕೆ ಯಾಕೆ ಹೋಗುತ್ತಾಳೆ ಎಂಬುದನ್ನು ನೋಡೋಣ. ಆಸೆಬುರುಕತನ ಎಂದು ಹೇಳುವವರಿದ್ದಾರೆ. ಅಂಥವರು ಆಕೆಯ ಪಗಾರದ ಚೀಟಿ ನೋಡಿಲ್ಲ. ನಾನು ಕಂಡ ಎಷ್ಟೋ ಊರುಗಳಲ್ಲಿ ಬಾಲವಾಡಿ, ಎಲ್‌ಕೆಜಿ, ಯುಕೆಜಿ ಕಲಿಸುವವರ ತಿಂಗಳ ಪಗಾರ ಗೌಂಡಿ ಕೆಲಸದವರ ತಿಂಗಳ ಕೂಲಿಗಿಂತ ಕಡಿಮೆ. ಬೇಸಿಗೆ ರಜೆಯ ತಿಂಗಳು ಅದೂ ಇಲ್ಲದ ಶಾಲೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಹಕ್ಕು ಕೊಟ್ಟಿತು. 6ರ ಕೆಳಗಿನ ಮಕ್ಕಳು ಆ ಹಕ್ಕಿನ ಹೊರಗೆ ಉಳಿದರು. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಅರ್ಧ ಶತಮಾನ ಕಳೆದರೂ ಆ ಅಕ್ಕಂದಿರಿಗೆ ಕೊಡುವ ಹಣದ ಹೆಸರು ಇನ್ನೂ ವೇತನವಲ್ಲ, ಗೌರವಧನ.

ಆದರೆ ಅದೇ ವಯಸ್ಸಿನ ಮಕ್ಕಳ ಬಗ್ಗೆ ಸರಕಾರದ ಕಾಗದ ಏನು ಹೇಳುತ್ತದೆ? ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗ 6 ವರ್ಷದೊಳಗೇ ಆಗುತ್ತದೆ ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಹೀಗೆ ಅತ್ಯಂತ ದೊಡ್ಡ ಹೊಣೆಯನ್ನು ಅತ್ಯಂತ ಕಡಿಮೆ ಪಗಾರದವಳ ಮಡಿಲಿಗೆ ಹಾಕಿದ್ದೇವೆ. ಆಕೆ ಸಂಜೆ ಚಟ್ನಿ ಕುಟ್ಟುವುದು ಮನೆಯ ಬಾಡಿಗೆಗಾಗಿ, ಮಕ್ಕಳ ಫೀಸಿಗಾಗಿ, ಅತ್ತೆಯವರ ಬಿಪಿ ಗುಳಿಗೆಗಾಗಿ. ಇದು ಆಸೆಯಲ್ಲ, ಬದುಕು.

ಹಾಗಾದರೆ ಶರಣರು ಎರಡು ಕೆಲಸ ಮಾಡಿದ್ದುಂಟೇ? ಉಂಟು. ಬಸವಣ್ಣನವರೇ ಇದಕ್ಕೆ ದೊಡ್ಡ ಸಾಕ್ಷಿ. ಕಲ್ಯಾಣದಲ್ಲಿ ಅವರು ಬಿಜ್ಜಳನ ಭಂಡಾರ ನೋಡಿಕೊಳ್ಳುವ ಅಧಿಕಾರಿ. ಅದೇ ಊರಿನಲ್ಲಿ ಮಹಾಮನೆಯ ದಾಸೋಹವೂ ಅವರದೇ. ಅರಮನೆಯ ಹಣ ಮಹಾಮನೆಗೆ ಹರಿಯುತ್ತಿದೆ ಎಂದು ಬಿಜ್ಜಳನ ಕಿವಿಯೂದಿದವರಿದ್ದರು. ಆಗ ಭಂಡಾರದ ಲೆಕ್ಕ ತೆಗೆಸಿ ನೋಡಿದರೆ ಒಂದು ಹೊನ್ನೂ ಕಡಿಮೆ ಇರಲಿಲ್ಲ ಎಂಬ ಪ್ರಸಂಗವನ್ನು ನಾವೆಲ್ಲ ಕೇಳುತ್ತ ಬಂದಿದ್ದೇವೆ. ಪುರಾಣ ಅದನ್ನು ಪವಾಡವಾಗಿ ಹೇಳುತ್ತದೆ. ಪವಾಡವನ್ನು ಬದಿಗಿಟ್ಟು ನೋಡಿದರೆ ನಮ್ಮ ಕೈಗೆ ಸಿಗುವ ತಿಳಿವಳಿಕೆ ಸರಳವಾದದ್ದು. ಎರಡು ಹೊಣೆ ಹೊರುವುದು ತಪ್ಪಲ್ಲ. ಒಂದರ ಗಂಟಿನಿಂದ ಇನ್ನೊಂದಕ್ಕೆ ಕದಿಯುವುದು ತಪ್ಪು. ಎರಡರ ನಡುವೆ ಒಂದು ಗೋಡೆ ಇರಬೇಕು, ಮತ್ತು ಯಾರು ಯಾವಾಗ ಕೇಳಿದರೂ ಲೆಕ್ಕ ತೆಗೆದು ತೋರಿಸುವಂತಿರಬೇಕು.

ಅಕ್ಕೋರ ಗಂಟಿನಲ್ಲಿ ಹೊನ್ನಿಲ್ಲ, ನಿಜ. ಆದರೆ ಅದಕ್ಕಿಂತ ಬೆಲೆಯುಳ್ಳ ಮೂರು ವಸ್ತುಗಳಿವೆ. ಒಂದು, ತಂದೆತಾಯಿ ಆಕೆಯ ಮೇಲೆ ಇಟ್ಟಿರುವ ನಂಬಿಕೆ. ಎರಡು, ಆಕೆಯ ಬೆಳಗಿನ ಹೊತ್ತು. ಮೂರು, ಮಕ್ಕಳ ಮುಂದೆ ನಿಲ್ಲಲು ಬೇಕಾದ ಸಮಾಧಾನ. ಈ ಮೂರನ್ನೂ ವ್ಯಾಪಾರದ ಬಂಡವಾಳ ಮಾಡಿಕೊಳ್ಳಬಾರದು.

ಮೊದಲು ನಂಬಿಕೆಯ ಮಾತು. ನನ್ನ ಗೆಳತಿಯೊಬ್ಬಳು, ಆಕೆಯೂ ಶಿಶುವಿಹಾರದ ಅಕ್ಕೋರು, ಸೀರೆ ವ್ಯಾಪಾರ ಶುರು ಮಾಡಿದಳು. ಹೊಸ ಸೀರೆಯ ಫೋಟೋಗಳನ್ನು ತನ್ನ ತರಗತಿಯ ಪಾಲಕರ ವಾಟ್ಸಾಪ್ ಗುಂಪಿಗೇ ಹಾಕಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎರಡು ಸೀರೆ ಒಯ್ದ ತಾಯಿಯೊಬ್ಬರು ವಾರದ ಮೇಲೆ ಗೇಟಿನಲ್ಲಿ ನಿಂತು, "ಅಕ್ಕೋರ, ಗ್ಯಾದರಿಂಗ್ ಡ್ಯಾನ್ಸಿನಾಗ ನಮ್ಮ ಪುಟ್ಟಿನ್ನ ಮುಂದಿನ ಸಾಲಿನ್ಯಾಗ ನಿಲ್ಲಸ್ರೀ" ಅಂದರು. ಅದೇ ತರಗತಿಯಲ್ಲಿ ನಾಲ್ಕು ಮನೆಯ ಮುಸುರೆ ತಿಕ್ಕಿ ಮಗನನ್ನು ಓದಿಸುವ ತಾಯಿಯೊಬ್ಬಳಿದ್ದಳು. ಆಕೆಯೂ ಒಂದು ಸೀರೆ ಒಯ್ದಳು, ತಿಂಗಳಿಗಿಷ್ಟು ಎಂದು ಕಂತು ಮಾಡಿಕೊಂಡು. ಬೇಕಾಗಿದ್ದಕ್ಕಲ್ಲ. ಒಯ್ಯದಿದ್ದರೆ ಅಕ್ಕೋರು ತನ್ನ ಮಗನನ್ನು ಬೇರೆ ಕಣ್ಣಿನಿಂದ ನೋಡಿಯಾರು ಎಂಬ ಅಂಜಿಕೆಗೆ.

ನೋಡಿ, ಉಳ್ಳವರು ಸೀರೆಯ ಜೊತೆ ಮುಂದಿನ ಸಾಲನ್ನೂ ಕೊಂಡುಕೊಂಡೆವು ಅಂದುಕೊಂಡರು. ಇಲ್ಲದವಳು ಅಂಜಿಕೆಗೆ ಸೀರೆ ಕೊಂಡಳು. ನನ್ನ ಗೆಳತಿ ಜಾಣೆ, ತಕ್ಷಣ ತಿಳಿದುಕೊಂಡಳು. ಆ ತಾಯಿಯಿಂದ ಸೀರೆ ವಾಪಸು ತೆಗೆದುಕೊಂಡು, ಕೊಟ್ಟಿದ್ದ ಕಂತಿನ ಹಣ ಮರಳಿಸಿದಳು. ಪಾಲಕರ ಗುಂಪಿಗೆ ಅಂದಿನಿಂದ ಸೀರೆಯ ಚಿತ್ರ ಹೋಗಿಲ್ಲ.

ಬಾಗಿಲ ಮುಂದೆ ಬಂದ ಎಲ್ಲರನ್ನೂ ನಮ್ಮವರೆಂದು ಕಾಣಬೇಕು ಎಂಬುದು ಬಸವ ತತ್ವದ ಮೊದಲ ಪಾಠ. ಶಿಶುವಿಹಾರದ ಬಾಗಿಲಿಗೆ ಬರುವ ಮಗು ಯಾವ ಮನೆಯಿಂದ ಬಂತು, ಆ ಮನೆಯವರು ನಮ್ಮ ಹತ್ತಿರ ಏನು ಕೊಂಡರು ಎಂಬ ಲೆಕ್ಕ ನಮ್ಮ ತಲೆಯೊಳಗೇ ಬರಬಾರದು. ಆದ್ದರಿಂದ ನಾನು ಪಾಲಿಸುವ ಮೊದಲ ನೇಮ ಇದು: ನನ್ನ ತರಗತಿಯ ಮಕ್ಕಳ ಮನೆಗೆ ನಾನು ಮಾರುವುದಿಲ್ಲ. ಅವರಾಗಿಯೇ ಕೇಳಿಕೊಂಡು ಬಂದರೆ, "ಮಗು ನನ್ನ ತರಗತಿ ದಾಟಲಿ, ಆಮೇಲೆ ಒಯ್ಯಿರಿ" ಎಂದು ನಗುತ್ತಲೇ ಹೇಳುತ್ತೇನೆ. ಗಿರಾಕಿ ಕಡಿಮೆಯಾಗುತ್ತಾರೆ. ಆಗಲಿ.

ಎರಡನೆಯದು ಬೆಳಗಿನ ಹೊತ್ತು. ಏನು ಮಾರಬೇಕು ಎಂದು ಆರಿಸುವಾಗಲೇ ಇದನ್ನು ಯೋಚಿಸಬೇಕು. ರೊಟ್ಟಿ ವ್ಯಾಪಾರ ಒಳ್ಳೆಯದು, ಗಿರಾಕಿಗಳಿಗೆ ಬರವಿಲ್ಲ. ಆದರೆ ಖಾನಾವಳಿಯವರಿಗೆ ಬಿಸಿ ರೊಟ್ಟಿ ಬೇಕಾದರೆ ನಸುಕಿನ 4ಕ್ಕೆ ಒಲೆ ಹಚ್ಚಬೇಕು. ನೂರು ರೊಟ್ಟಿ ಬಡಿದು ಬಂದ ಕೈ, ಅಳುವ ಮಗುವನ್ನು ಎತ್ತಿಕೊಳ್ಳಲು ಹೇಗೆ ಎದ್ದೀತು? ಸೀರೆಗೆ ನಸುಕಿನ ಕಾಟವಿಲ್ಲ, ಆದರೆ ಬಂಡವಾಳ ಹೆಚ್ಚು, ಉದ್ರಿ ಹೆಚ್ಚು. ಚಟ್ನಿಪುಡಿ ವಾರಗಟ್ಟಲೆ ಕೆಡದು. ಅದನ್ನು ನನ್ನ ಬಿಡುವಿಗೆ ತಕ್ಕಂತೆ ಮಾಡಿಡಬಹುದು. ನಾನು ಚಟ್ನಿ ಆರಿಸಿಕೊಂಡದ್ದಕ್ಕೆ ಕಾರಣ ಇಷ್ಟೇ. ಬುಧವಾರದವರೆಗೆ ಆರ್ಡರ್ ತೆಗೆದುಕೊಳ್ಳುತ್ತೇನೆ. ಶನಿವಾರ ಮುಂಜಾನೆ ಶಾಲೆ ಮುಗಿಸಿ ಬಂದು ಹುರಿಯುವುದು, ರವಿವಾರ ಕುಟ್ಟುವುದು, ಕಟ್ಟುವುದು, ಮುಟ್ಟಿಸುವುದು. ಶಾಲೆಯ ಹೊತ್ತಿನಲ್ಲಿ ಫೋನು ಚೀಲದಲ್ಲೇ ಇರುತ್ತದೆ. ಗಿರಾಕಿಗಳು ಮೊದಮೊದಲು ಸಿಟ್ಟಾದರು, ಈಗ ರೂಢಿಯಾಗಿದೆ.

ಕೆಲಸದಲ್ಲಿರುವವರಿಗೆ ಇನ್ನೊಂದು ಸೂಚನೆ. ವ್ಯಾಪಾರ ಶುರು ಮಾಡುವ ಮೊದಲು ನಿಮ್ಮ ನೇಮಕಾತಿ ಪತ್ರ ಓದಿ. ಬೇರೆ ಉದ್ಯೋಗ ಮಾಡಬಾರದು ಎಂದು ಬರೆದಿದ್ದರೆ ಮುಖ್ಯಸ್ಥರ ಬಳಿ ನೇರವಾಗಿ ಮಾತನಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸರಕಾರಿ ನೌಕರರು ಅನುಮತಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಮುಚ್ಚಿಟ್ಟು ಮಾಡಿದ ಕೆಲಸಕ್ಕೆ ಕಾಯಕದ ಹೆಸರು ಸಲ್ಲುವುದಿಲ್ಲ.

ಮೂರನೆಯದು ಸಮಾಧಾನ. ಅದನ್ನು ಕದಿಯುವುದು ದುಡಿಮೆಗಿಂತ ಹೆಚ್ಚಾಗಿ ಸಾಲ, ಗುರಿ, ಕಂತು. ಇಲ್ಲಿ ಚೈನ್ ಕಂಪನಿಗಳ ಮಾತು ಹೇಳಲೇಬೇಕು. ಅವರು ಅಕ್ಕೋರನ್ನು ಹುಡುಕಿಕೊಂಡು ಬರುತ್ತಾರೆ. ಯಾಕೆಂದರೆ ಅಕ್ಕೋರ ಹಿಂದೆ ಮೂವತ್ತು ನಲವತ್ತು ಮನೆಗಳ ನಂಬಿಕೆ ಇರುತ್ತದೆ. "ಮೊದಲು ಇಷ್ಟು ಸಾವಿರ ಕಟ್ಟಿರಿ, ನಿಮ್ಮ ಕೆಳಗೆ ನಾಲ್ಕು ಜನರನ್ನು ಸೇರಿಸಿರಿ, ಅವರ ಕೆಳಗೆ ನಾಲ್ಕು ಜನ, ನೀವು ಮನೆಯಲ್ಲೇ ಕುಳಿತು ಲಕ್ಷ ಎಣಿಸಿರಿ" ಎನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ನಾಲ್ಕು, ನಾಲ್ವರಿಗೆ ಹದಿನಾರು, ಹದಿನಾರಕ್ಕೆ ಅರವತ್ನಾಲ್ಕು. ಹೀಗೆ ಹತ್ತನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನ ಬೇಕು. ನಮ್ಮ ತಾಲೂಕಿನಲ್ಲಿ ಅಷ್ಟು ಜನರೇ ಇಲ್ಲ. ಕೊನೆಯ ಮೆಟ್ಟಿಲಿನಲ್ಲಿ ನಿಂತವರ ಹಣವೇ ಮೇಲಿನವರ ಲಾಭ. ಆ ಕೊನೆಯವರು ಯಾರು? ನಮ್ಮ ಶಾಲೆಯ ಆಯಾ, ನಮ್ಮ ಓಣಿಯ ವಿಧವೆ, ನಮ್ಮ ತಮ್ಮನ ಹೆಂಡತಿ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆ ನಿಷೇಧಿಸಿದೆ. ನಡೆಸುವುದು ಮಾತ್ರವಲ್ಲ, ಅಂಥದರಲ್ಲಿ ಸದಸ್ಯರಾಗಿ ಸೇರುವುದೂ ಅಪರಾಧ. 2021ರ ಡಿಸೆಂಬರಿನಲ್ಲಿ ನೇರ ಮಾರಾಟಕ್ಕೆಂದೇ ಗ್ರಾಹಕ ಸಂರಕ್ಷಣಾ ನಿಯಮಗಳು ಬಂದವು. ಅವು ಪಿರಮಿಡ್ ಯೋಜನೆಗಳನ್ನು ನಿಷೇಧಿಸುತ್ತವೆ. ಮಾರಾಟಗಾರರು ಗುರುತಿನ ಚೀಟಿ ಇಲ್ಲದೆ, ಮೊದಲೇ ಹೇಳದೆ ಯಾರ ಮನೆಗೂ ಹೋಗುವಂತಿಲ್ಲ. ನಿಜವಾದ ಸಾಮಾನನ್ನು ನಿಜವಾದ ಬೆಲೆಗೆ ಮಾರಿ ಕಮಿಷನ್ ಪಡೆಯುವುದು ತಪ್ಪಲ್ಲ. ಜನರನ್ನು ಸೇರಿಸಿದ್ದಕ್ಕೆ ಹಣ ಸಿಗುವುದಾದರೆ ಅಲ್ಲಿಂದ ದೂರ ಸರಿಯಿರಿ.

ಶರಣ ತತ್ವದ ಅಳತೆಗೋಲು ಇದಕ್ಕಿಂತ ಸರಳ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ದಾಸೋಹ ಮಾಡಿದರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಹೊರೆ ಹೊತ್ತು ಮಾರಿದರು. ಇಬ್ಬರೂ ಮಾರಾಟಗಾರರೇ. ಮಾರಾಟ ಕೀಳು ಎಂದು ಶರಣರು ಎಲ್ಲೂ ಹೇಳಲಿಲ್ಲ. ಆದರೆ ಅವರು ಮಾರಿದ್ದು ತಮ್ಮ ಬೆವರು ಸೇರಿದ ವಸ್ತುವನ್ನು. ಕೊಂಡವನ ಕೈಗೆ ಹಗ್ಗ ಬಂತು, ಕಟ್ಟಿಗೆ ಬಂತು. ನಾವು ಮಾರಿದ್ದರಿಂದ ಕೊಂಡವರ ಕೈಗೆ ಏನು ಬಂತು ಎಂದು ಕೇಳಿಕೊಂಡರೆ ಸಾಕು, ಉತ್ತರ ಸಿಗುತ್ತದೆ.

ಈಗ ಲೆಕ್ಕದ ವಹಿಗೆ ಬರೋಣ. ಬಹಳ ಜನ ಹೆಣ್ಣುಮಕ್ಕಳು ವ್ಯಾಪಾರ ಮಾಡುತ್ತಾರೆ, ಲೆಕ್ಕ ಇಡುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ, ದರ ನಿಮ್ಮ ಊರಿನಂತೆ ಬದಲಿಸಿಕೊಳ್ಳಿ. ಒಂದು ಕಿಲೋ ಶೇಂಗಾ ಚಟ್ನಿಗೆ ಶೇಂಗಾ, ಖಾರ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಸೇರಿ 200 ರೂಪಾಯಿ ಎನ್ನೋಣ. ಗ್ಯಾಸು, ಕರೆಂಟು, ಪಾಕೀಟು 30 ರೂಪಾಯಿ. ಮುಟ್ಟಿಸುವ ಖರ್ಚು 10 ರೂಪಾಯಿ. ಒಟ್ಟು 240. ಅದನ್ನು 280ಕ್ಕೆ ಮಾರಿದರೆ 40 ರೂಪಾಯಿ ಉಳಿಯಿತು ಎಂದು ಖುಷಿಪಡುತ್ತೇವೆ. ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ಕಟ್ಟಲು ಎರಡು ತಾಸು ಹಿಡಿದಿದ್ದರೆ ತಾಸಿಗೆ ಬಿದ್ದದ್ದು 20 ರೂಪಾಯಿ. ಯಾಕಿಷ್ಟು ಕಡಿಮೆ ಎಂದು ಕೇಳಿದರೆ, "ಮನ್ಯಾಗ ಕುಂತು ಮಾಡೂದಲ್ರೀ" ಎನ್ನುತ್ತೇವೆ. ಮನೆಯಲ್ಲಿ ಮಾಡಿದ್ದೂ ದುಡಿಮೆಯೇ. ನಮ್ಮ ದುಡಿಮೆಗೆ ನಾವೇ ಬೆಲೆ ಕಟ್ಟದಿದ್ದರೆ ಗಿರಾಕಿ ಕಟ್ಟುತ್ತಾನೆಯೇ? ನಮ್ಮ ಕೂಲಿಯನ್ನು ಖರ್ಚಿನಲ್ಲಿ ಸೇರಿಸಿ, ಆಮೇಲೆ ದರ ಹೇಳಿ.

ಮನೆಯ ಹಣ, ವ್ಯಾಪಾರದ ಹಣ ಒಂದೇ ಡಬ್ಬಿಯಲ್ಲಿ ಇರಬಾರದು. ನಿಮ್ಮದೇ ಹೆಸರಿನ ಬೇರೆ ಬ್ಯಾಂಕ್ ಖಾತೆ ಇರಲಿ. ತಿನ್ನುವ ಪದಾರ್ಥ ಮಾರುವವರು ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತಾ ನೋಂದಣಿ ಮಾಡಿಸಬೇಕು. ಸಣ್ಣ ತಯಾರಕರಿಗೆ ಅದು ದೊಡ್ಡ ಖರ್ಚಿನ ಕೆಲಸವಲ್ಲ. ಪಾಕೀಟಿನ ಮೇಲೆ ಏನೇನು ಹಾಕಿದ್ದೀರಿ, ತೂಕ ಎಷ್ಟು, ಯಾವ ದಿನ ಮಾಡಿದ್ದು, ಎಷ್ಟು ದಿನ ಇಡಬಹುದು ಎಂದು ಬರೆಯಿರಿ. 2020ರ ಜುಲೈನಿಂದ ಸಣ್ಣ ಉದ್ಯಮಗಳಿಗೆ ಉದ್ಯಮ್ ನೋಂದಣಿ ಇದೆ, ಅದಕ್ಕೆ ಶುಲ್ಕವೇ ಇಲ್ಲ. ಬ್ಯಾಂಕಿನಲ್ಲಿ ಸಾಲ ಕೇಳುವಾಗ ಈ ಕಾಗದಗಳು ನಿಮ್ಮ ಪರವಾಗಿ ಮಾತನಾಡುತ್ತವೆ.

ಇನ್ನು, ಎಷ್ಟಕ್ಕೆ ನಿಲ್ಲಿಸಬೇಕು? ಇದನ್ನು ಕಲಿಸಿದವರು ಆಯ್ದಕ್ಕಿ ಲಕ್ಕಮ್ಮ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಅವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಹಿಗ್ಗಲಿಲ್ಲ. ಬೇಕಾದದ್ದಕ್ಕಿಂತ ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬನ್ನಿ ಎಂದರು. ಅದೇ ಲಕ್ಕಮ್ಮ, ಗಂಡ ಮಾತಿನಲ್ಲಿ ಮೈಮರೆತು ಕಾಯಕ ಮರೆತಾಗ ಎಚ್ಚರಿಸಿದವರೂ ಹೌದು. ದುಡಿಮೆ ತಪ್ಪಿಸುವಂತಿಲ್ಲ, ದುರಾಸೆಗೆ ಬೀಳುವಂತಿಲ್ಲ. ದೀಪಾವಳಿ, ಸಂಕ್ರಾಂತಿ ಬಂದಾಗ ಆರ್ಡರ್ ಸುರಿಮಳೆಯಾಗುತ್ತದೆ. ಎಲ್ಲವನ್ನೂ ಒಪ್ಪಿಕೊಂಡರೆ ಸೋಮವಾರ ಮಕ್ಕಳ ಮುಂದೆ ನಿಲ್ಲುವುದು ನಿದ್ದೆಗೆಟ್ಟು ಸಿಡುಕುವ ಅಕ್ಕೋರು. ಮೂರು ವರ್ಷದ ಮಗು ಆ ಸಿಡುಕಿನ ಕಾರಣ ತಿಳಿಯದು. ತಾನೇ ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತದೆ. ಅದಕ್ಕೇ ವಾರಕ್ಕೆ ಇಷ್ಟೇ ಕಿಲೋ ಎಂದು ಗೆರೆ ಎಳೆದುಕೊಳ್ಳಬೇಕು. ಮಿಕ್ಕ ಆರ್ಡರನ್ನು ಓಣಿಯ ಇನ್ನೊಬ್ಬ ತಾಯಿಗೆ ಕೊಡಬೇಕು. ಅವಳ ಮನೆಯ ಒಲೆಯೂ ಉರಿಯಲಿ. ನನ್ನ ಪ್ರಕಾರ ಇದೂ ದಾಸೋಹ.

ಇಲ್ಲಿರುವ ಅಣ್ಣಂದಿರಿಗೆ ಒಂದು ಮಾತು. ನಾವು ಎರಡು ಕಾಯಕ ಎನ್ನುತ್ತಿದ್ದೇವೆ, ಹೆಣ್ಣುಮಕ್ಕಳಿಗೆ ನಿಜವಾಗಿ ಇರುವುದು ಮೂರು. ಮೂರನೆಯದು ಮನೆಗೆಲಸ, ಅದಕ್ಕೆ ಪಗಾರವೂ ಇಲ್ಲ, ರಜೆಯೂ ಇಲ್ಲ. ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ ಎಂದು ನಾವು ಭಕ್ತಿಯಿಂದ ಹೆಸರು ಹೇಳುತ್ತೇವೆ. ನೂಲುವುದು, ಭತ್ತ ಕುಟ್ಟುವುದು, ಅಕ್ಕಿ ಆಯುವುದು, ಇವು ಆ ತಾಯಂದಿರ ಹೆಸರಿಗೇ ಅಂಟಿ ನಿಂತಿವೆ. ಎಂಟುನೂರು ವರ್ಷಗಳ ಹಿಂದೆ ಹೆಣ್ಣಿನ ದುಡಿಮೆಗೆ ಅಷ್ಟು ಗೌರವ ಕೊಟ್ಟ ಪರಂಪರೆ ನಮ್ಮದು. ನಾವು ಮಾತ್ರ ಹೆಂಡತಿಯ ಗಳಿಕೆಯನ್ನು ಕೈಖರ್ಚು ಎಂದು ಕರೆಯುತ್ತೇವೆ. ಪಾಕೀಟು ತೂಗಿ ಕಟ್ಟಿರಿ, ರವಿವಾರ ಗಾಡಿಯ ಮೇಲೆ ಹೋಗಿ ಮುಟ್ಟಿಸಿ ಬನ್ನಿ, ಆಕೆ ವಹಿ ಬರೆಯುವಾಗ ಅಡಿಗೆಮನೆಯ ಭಾಂಡೆ ತಿಕ್ಕಿರಿ. ಗಳಿಕೆಯನ್ನು ಮಾತ್ರ ಆಕೆಯ ಖಾತೆಯಲ್ಲೇ ಬಿಡಿ.

ಕೊನೆಯದಾಗಿ, ಅಪ್ಪಗಳ ಸನ್ನಿಧಿಯಲ್ಲಿ, ಶಿಕ್ಷಣ ಸಂಸ್ಥೆ ನಡೆಸುವ ಹಿರಿಯರ ಮುಂದೆ ಸೆರಗೊಡ್ಡಿ ಒಂದು ಬೇಡಿಕೆ ಇಡುತ್ತೇನೆ. ನಮ್ಮ ನಾಡಿನ ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದು ಮಠಗಳು. ಆ ಋಣ ನಮ್ಮೆಲ್ಲರ ಮೇಲಿದೆ. ಅದೇ ಸಲಿಗೆಯಿಂದ ಕೇಳುತ್ತೇನೆ. ನಮ್ಮವರೇ ನಡೆಸುವ ಶಿಶುವಿಹಾರಗಳಲ್ಲಿ ಅಕ್ಕೋರಿಗೆ ಕೊಡುವ ಪಗಾರ ಒಂದು ಸಂಸಾರ ನಡೆಯುವಷ್ಟಿದೆಯೇ ಎಂದು ಒಮ್ಮೆ ಕೇಳಿ ನೋಡಿ. ಸೇವೆ ಎಂಬ ಹೆಸರಿನಲ್ಲಿ ಕೂಲಿ ಕಡಿಮೆ ಮಾಡಬಾರದು. ದಾಸೋಹ ಮಾಡಬೇಕಾದದ್ದು ಕಾಯಕದ ಫಲ ಕೈಗೆ ಬಂದ ಮೇಲೆ, ಫಲ ಬರುವ ಮೊದಲೇ ಕಿತ್ತುಕೊಂಡರೆ ಅದು ದಾಸೋಹವಾಗದು. ಬೇಸಿಗೆಯ ಪಗಾರ ಕೊಡಿ. ಐದು ವರ್ಷ ದುಡಿದು ಬಿಡುವವರಿಗೆ ಗ್ರಾಚ್ಯುಯಿಟಿ ಕೊಡಿ. ಖಾಸಗಿ ಶಾಲೆಯ ಶಿಕ್ಷಕರಿಗೂ ಅದರ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಅದೇ ವರ್ಷ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರೂ ಗ್ರಾಚ್ಯುಯಿಟಿಗೆ ಅರ್ಹರು ಎಂದು ಹೇಳಿದೆ.

ಪಗಾರ ಸಾಕಾದರೆ ಅಕ್ಕೋರು ಚಟ್ನಿ ಮಾಡುವುದನ್ನು ಬಿಡುತ್ತಾಳೆಯೇ? ಕೆಲವರು ಬಿಟ್ಟಾರು. ನಾನು ಬಿಡಲಾರೆ, ಅದರ ಘಮ ನನಗೆ ಇಷ್ಟ. ಆದರೆ ಆಗ ಅದು ಮನಸಾರೆ ಆರಿಸಿಕೊಂಡ ಕೆಲಸವಾಗುತ್ತದೆ, ಹೊಟ್ಟೆಯ ಹೊಡೆತಕ್ಕೆ ಮಾಡಿದ್ದಾಗುವುದಿಲ್ಲ. ಅಲ್ಲಿಯವರೆಗೆ ತಾಯಂದಿರಲ್ಲಿ ನನ್ನ ಬಿನ್ನಹ ಇಷ್ಟು. ಮಾರುವುದಕ್ಕೆ ನಾಚಬೇಡಿ. ನಿಮ್ಮ ಮಕ್ಕಳ ಪಾಲಕರಿಗೆ ಮಾರಬೇಡಿ. ಜನರನ್ನು ಸೇರಿಸಿ ಹಣ ಮಾಡುವ ಕಡೆಗೆ ಕಾಲಿಡಬೇಡಿ. ವಹಿ ಬರೆಯಿರಿ. ಸಾಕಾದಾಗ ಸಾಕು ಎನ್ನಿರಿ. ಮಕ್ಕಳ ಮುಂದೆ ನಿಂತಾಗ ಪೂರ್ತಿ ಮಕ್ಕಳವರಾಗಿರಿ.

 ಗೋಷ್ಠಿ ಮುಗಿದ ಮೇಲೆ ಎರಡು ಕಾಯಕದ ತಾಯಂದಿರು ಪ್ರಸಾದ ನಿಲಯದ ಹತ್ತಿರ ಸೇರೋಣ. ನಿಮ್ಮ ನಿಮ್ಮ ಲೆಕ್ಕ, ನಿಮ್ಮ ನಿಮ್ಮ ಕಷ್ಟ ಹೇಳಿರಿ, ಒಬ್ಬರಿಂದೊಬ್ಬರು ಕಲಿಯೋಣ.